ಆರಿಸಿಕೊಳ್ಳುವ ದೇವರು, ನಂಬುವ ಮನುಷ್ಯ

ಅಕ್ಕಿ ಆರಿಸುವುದೆಂದರೆ ಕಲ್ಲು ಹೆಕ್ಕಿ ಬಿಸಾಡುವುದು. ಸೀರೆ ಆರಿಸುವುದೆಂದರೆ ಬೇಕಾದ್ದನ್ನು ಎತ್ತಿಕೊಳ್ಳುವುದು. ಈ ತೊಡಕು ಬೇಡವೆಂದೋ ಏನೋ, ಕನ್ನಡ ಬೈಬಲಿನ ದೇವರು ಬರಿದೇ ಆರಿಸುವುದಿಲ್ಲ, ‘ಆರಿಸಿಕೊಳ್ಳುತ್ತಾನೆ’. ಗ್ರೀಕ್ ಮೂಲದ ‘ಎಕ್ಲೆಗೊಮಾಯ್’ ಕೂಡ ತನಗಾಗಿ ಆರಿಸಿಕೊಳ್ಳುವ ರೂಪದ್ದೇ. ಈ ಒಂದು ಕ್ರಿಯಾಪದದ ಸುತ್ತ ಕ್ರೈಸ್ತ ಪಂಡಿತರು ಸಾವಿರದ ಆರುನೂರು ವರ್ಷ ಜಗಳವಾಡಿದ್ದಾರೆ. ಮನುಷ್ಯ ನಂಬಿದ್ದಕ್ಕೆ ರಕ್ಷಣೆ ಸಿಗುತ್ತದೋ, ಇಲ್ಲಾ ದೇವರು ಮೊದಲೇ ಆರಿಸಿಕೊಂಡದ್ದರಿಂದ ಮನುಷ್ಯ ನಂಬುತ್ತಾನೋ? ಪದದ ಹಳೆಯ ಬಳಕೆಯನ್ನು ನೋಡಿದರೆ, ಅದು ಈ ಪ್ರಶ್ನೆಗೆ ಉತ್ತರ ಕೊಡಲು ಹುಟ್ಟಿದ್ದೇ ಅಲ್ಲ ಎನಿಸುತ್ತದೆ. ಜಂಬ ಇಳಿಸುವುದು ಅದರ ಕೆಲಸವಾಗಿತ್ತು. ಯಾರು ಒಳಗೆ, ಯಾರು ಹೊರಗೆ ಎಂದು ಲೆಕ್ಕ ಹಾಕುವ ಕೆಲಸ ಆಮೇಲೆ ಅದರ ತಲೆಗೆ ಬಿತ್ತು.

ಧರ್ಮೋಪದೇಶಕಾಂಡದ 7ನೇ ಅಧ್ಯಾಯದಲ್ಲಿ ಇಸ್ರಾಯೇಲರಿಗೆ ಹೇಳುವುದೇ ಇದನ್ನು: ನೀವು ಹೆಚ್ಚು ಜನರಿದ್ದೀರೆಂದು ದೇವರು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ಎಲ್ಲರಿಗಿಂತ ಕಡಿಮೆ ಇದ್ದವರು ನೀವೇ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯವನ್ನು ಇದಕ್ಕೆ ಎದುರಾಗಿ ಒಡ್ಡುವವರಿದ್ದಾರೆ. ಯಾಕೋಬ, ಏಸಾವ ಎಂಬ ಅವಳಿಗಳು ಇನ್ನೂ ಹುಟ್ಟುವ ಮೊದಲೇ, ಒಳ್ಳೆಯದು ಕೆಟ್ಟದ್ದು ಏನೂ ಮಾಡದಿರುವಾಗಲೇ, ದೇವರು ಒಬ್ಬನನ್ನು ಆರಿಸಿಕೊಂಡನಲ್ಲ, ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ ಎನ್ನುತ್ತಾರೆ. ಆದರೆ ಪೌಲ ನೆನೆಯುವ ಆದಿಕಾಂಡದ ಮಾತು ರೆಬೆಕ್ಕಳ ಗರ್ಭದಲ್ಲಿರುವುದು ಎರಡು ಜನಾಂಗಗಳು ಎನ್ನುತ್ತದೆ. ಪೌಲ ಉದ್ಧರಿಸುವ ಪ್ರವಾದಿ ಮಲಾಕಿಯ ಮಾತಾಡುವುದೂ ಏಸಾವನ ಸಂತತಿಯ ಎದೋಮ್ ದೇಶದ ಬಗ್ಗೆ. ಇಲ್ಲಿ ಇಬ್ಬರು ಅಣ್ಣತಮ್ಮಂದಿರ ಸ್ವರ್ಗ ನರಕಗಳ ವಿಚಾರಣೆ ನಡೆಯುತ್ತಿಲ್ಲ. ಮುಂದಿನ ಅಧ್ಯಾಯದಲ್ಲೇ ಪೌಲ, ಬಾಯಿಂದ ಅರಿಕೆ ಮಾಡಿ ಹೃದಯದಿಂದ ನಂಬುವವನಿಗೆ ರಕ್ಷಣೆ ಎಂದು ಬರೆಯುತ್ತಾನೆ, ಅದೂ ಯಾವ ಮುಜುಗರವೂ ಇಲ್ಲದೆ. 11ನೆಯದರಲ್ಲಿ, ಹೊಸದಾಗಿ ಒಳಬಂದ ಅನ್ಯಜನರೇ, ಹೆಚ್ಚಳಪಡಬೇಡಿ ಎಂದು ಎಚ್ಚರಿಸಿ, ಎಲ್ಲರಿಗೂ ಕರುಣೆ ತೋರುವುದೇ ದೇವರ ಉದ್ದೇಶವೆಂದು ನಿಲ್ಲಿಸುತ್ತಾನೆ. 9ನ್ನು ಮಾತ್ರ ಓದಿ ಪುಸ್ತಕ ಮುಚ್ಚಿದವರೇ ಹೆಚ್ಚು.

ಪದ ಒಬ್ಬೊಬ್ಬನ ಖಾತೆಗೆ ಇಳಿದದ್ದು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನಿಂದ. ಯಾರು ನಂಬುತ್ತಾರೆಂದು ದೇವರು ಮುಂಚಿತವಾಗಿ ಕಂಡು ಅವರನ್ನು ಆರಿಸಿಕೊಳ್ಳುತ್ತಾನೆ ಎಂದು ಅವನೂ ಮೊದಲು ತಿಳಿದಿದ್ದ. 396ರ ಸುಮಾರಿಗೆ ಮಿಲಾನಿನ ಪಾದ್ರಿ ಸಿಂಪ್ಲಿಸಿಯಾನಸನ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಕೂತಾಗ, ಪಡೆದುಕೊಳ್ಳದೆ ಇರುವಂಥದ್ದು ನಿನ್ನಲ್ಲಿ ಏನಿದೆ ಎಂಬ ಪೌಲನ ಪ್ರಶ್ನೆ ಅವನನ್ನು ಅಡ್ಡಗಟ್ಟಿತು. ನಂಬಿಕೆಯೂ ಪಡೆದದ್ದೇ ಆದರೆ, ಅದನ್ನು ಕಂಡು ಆರಿಸಿಕೊಂಡನೆನ್ನಲು ಬರುವುದಿಲ್ಲ. ಈ ತರ್ಕ ಗಟ್ಟಿಯಾದದ್ದು. ಮುಂಗಾಣ್ಕೆಯ ವಾದದಲ್ಲಿ ದೇವರಿಗೆ ಉಳಿಯುವುದು ಸಹಿ ಹಾಕುವ ಕೆಲಸವಷ್ಟೇ. ಆದರೆ ಕೊಟ್ಟದ್ದಕ್ಕೆ ಋಣಿಯಾಗಿರು ಎಂಬ ಮಾತಿನಿಂದ, ಕೊಡದವರ ಪಟ್ಟಿಯೊಂದು ಸಿದ್ಧವಿದೆ ಎಂಬ ಮಾತಿಗೆ ನೆಗೆಯಬೇಕಾಗಿರಲಿಲ್ಲ. ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್ ನೆಗೆದ. ಕೆಲವರನ್ನು ತಳ್ಳದೆ ಕೆಲವರನ್ನು ಆರಿಸಿಕೊಳ್ಳಲಾಗದು ಎಂದ. ಅಕ್ಕಿಯ ಜೊತೆ ಕಲ್ಲೂ ಬಂತು. ಲೂಥರನ್ನರು 1577ರ ತಮ್ಮ ಒಪ್ಪಂದ ಸೂತ್ರದಲ್ಲಿ ಮೊದಲರ್ಧವನ್ನು ಒಪ್ಪಿ ಎರಡನೆಯದನ್ನು ಕೈಬಿಟ್ಟರು. ತರ್ಕ ಕುಂಟಿತು ನಿಜ, ಆದರೂ ಪೌಲನಿಗೆ ಅವರೇ ಹತ್ತಿರ. ಹಾಲೆಂಡಿನಲ್ಲಿ 1618-19ರ ಡಾರ್ಟ್ ಮಹಾಸಭೆ, ಮುಂಗಾಣ್ಕೆಯ ವಾದವನ್ನೇ ಹಿಡಿದಿದ್ದ ಅರ್ಮಿನಿಯಸನ ಅನುಯಾಯಿಗಳನ್ನು ಖಂಡಿಸಿತು. ಅವರ ಪರ ನಿಂತಿದ್ದ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟನ ತಲೆ 1619ರ ಮೇ ತಿಂಗಳಲ್ಲಿ ಉರುಳಿತು. ಅದರಲ್ಲಿ ರಾಜಕೀಯವೇ ಹೆಚ್ಚು ಎನ್ನಿ.

ಪಟ್ಟಿಯಿದೆ ಎಂದಮೇಲೆ ಅದರಲ್ಲಿ ತನ್ನ ಹೆಸರು ಹುಡುಕುವುದು ಮನುಷ್ಯ ಸ್ವಭಾವ. ಇಂಗ್ಲಿಷ್ ಲೇಖಕ ಜಾನ್ ಬನ್ಯನ್ 1666ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ತಾನು ಆಯ್ಕೆಯಾದವನೋ ಅಲ್ಲವೋ ಎಂಬ ಸಂಶಯ ತನ್ನನ್ನು ಹೇಗೆ ಅರೆದುಹಾಕಿತೆಂದು ಹೇಳಿಕೊಂಡಿದ್ದಾನೆ. ದೇವರನ್ನು ನಂಬಿ ಕೆಟ್ಟವರು ಯಾರಾದರೂ ಇದ್ದಾರೆಯೇ ಎಂಬರ್ಥದ ವಾಕ್ಯವೊಂದು ಅವನ ಮನಸ್ಸಿಗೆ ಬಂದು ಧೈರ್ಯ ಕೊಟ್ಟಿತು. ವರ್ಷಕ್ಕೂ ಮೀರಿ ಬೈಬಲೆಲ್ಲ ತಡಕಿದರೂ ಸಿಗಲಿಲ್ಲ. ಕಡೆಗೆ ಸಿಕ್ಕಿದ್ದು ಪ್ರೊಟೆಸ್ಟೆಂಟರು ಪ್ರಮಾಣವೆಂದು ಒಪ್ಪದ ಸಿರಾಖನ ಗ್ರಂಥದಲ್ಲಿ! ಮೊದಲು ಗಾಬರಿಯಾದರೂ, ಆ ಮಾತಿನ ಸಾರ ಶಾಸ್ತ್ರದ ಎಷ್ಟೋ ವಾಗ್ದಾನಗಳಲ್ಲಿದೆ ಎಂದು ಸಮಾಧಾನ ಮಾಡಿಕೊಂಡ. ಜಂಬ ಇಳಿಸಬೇಕಾದ ಪದ ಜಂಬವೇ ಇಲ್ಲದವನನ್ನು ಹಿಂಡಿತ್ತು.

ಇಷ್ಟಾದರೂ ಒಂದು ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾರೆ. ಅಪೊಸ್ತಲರ ಕೃತ್ಯಗಳು 13:48ರಲ್ಲಿ, ನಿತ್ಯಜೀವಕ್ಕೆ ನೇಮಕವಾದವರೆಲ್ಲರೂ ನಂಬಿದರು ಎಂದಿದೆ. ನೇಮಕ ಮೊದಲು, ನಂಬಿಕೆ ಆಮೇಲೆ. ಕ್ರಿಯಾಪದ ಬೇರೆ ಎನ್ನಬಹುದು, ಅದು ನುಣುಚಿಕೊಂಡಂತೆ. ಆದರೆ ಎರಡೇ ವಚನ ಹಿಂದೆ, ಅಂತಿಯೋಕ್ಯ ಪಟ್ಟಣದ ಅದೇ ಪ್ರಸಂಗದಲ್ಲಿ, ಸುವಾರ್ತೆಯನ್ನು ತಳ್ಳಿದವರಿಗೆ ಪೌಲ ಹೇಳುವುದು ಬೇರೆ: ನಿತ್ಯಜೀವಕ್ಕೆ ನೀವು ಅಯೋಗ್ಯರೆಂದು ನೀವೇ ತೀರ್ಮಾನಿಸಿಕೊಂಡಿರಿ. ನಂಬಿದವರ ಶ್ರೇಯ ದೇವರಿಗೆ, ತಳ್ಳಿದವರ ಹೊಣೆ ಅವರಿಗೇ. ಲೆಕ್ಕ ಕೂಡುವುದಿಲ್ಲ, ಬರೆದ ಲೂಕನಿಗೆ ಕೂಡಿಸುವ ಆತುರವೂ ಇದ್ದಂತಿಲ್ಲ.

ಈ ಜಗಳ ನಮ್ಮ ಕಡೆಗೂ ಬಂತು. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಕ್ಯಾಲ್ವಿನನ ವಾದವನ್ನು 1739ರಲ್ಲೇ ಕಟುವಾಗಿ ಖಂಡಿಸಿ, ಆಪ್ತನಾಗಿದ್ದ, ಕ್ಯಾಲ್ವಿನನ ಪಕ್ಷದ ಬೋಧಕ ವೈಟ್‌ಫೀಲ್ಡನ ಜೊತೆ ಕೆಡಿಸಿಕೊಂಡಿದ್ದ. ಮುಂದೆ ಅವನ ಪರಂಪರೆಯ ಮಿಷನರಿಗಳು ಮೈಸೂರು ಸೀಮೆಗೆ ಬಂದರು. ಕ್ಯಾಲ್ವಿನನ ಕಡೆ ಹೆಚ್ಚು ವಾಲಿದ್ದ ಲಂಡನ್ ಮಿಷನ್ ಬಳ್ಳಾರಿಯಲ್ಲಿ ನೆಲೆಯೂರಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಎರಡೂ ಪರಂಪರೆಗಳು ಒಂದೇ ಸಭೆಯೊಳಗೆ ಬಂದವು. ಆ ಒಗ್ಗೂಡುವಿಕೆಯ ಮಾತುಕತೆ ಸುಮಾರು ಮೂರು ದಶಕ ಎಳೆದದ್ದು ಬಿಷಪ್ಪರ ಅಧಿಕಾರ, ಗುರುದೀಕ್ಷೆಯ ಸಿಂಧುತ್ವಗಳ ಮೇಲೆ. ದೇವರು ಯಾರನ್ನು ಆರಿಸಿಕೊಂಡ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಲು ಅವರು ಕಾಯಲಿಲ್ಲ.