ಕಂಡಿಕೆಗೆ ಸುತ್ತಿದ ಗುಂಗುರು
ಬೀಳಗಿಯ ಅಮೀರ್‌ಬಾಯಿ, ಗೋಹರ್‌ಬಾಯಿ ಕರ್ನಾಟಕಿ ಸೋದರಿಯರು ನಾಟಕ, ಸಿನಿಮಾ ಸೇರಿದ ಮೇಲೆ ನಮ್ಮ ಸೀಮೆಯ ಹುಡುಗಿಯರಿಗೂ ಹಣೆಮೇಲಿನ ಗುಂಗುರಿನ ಹುಚ್ಚು ಹತ್ತಿತು ಅಂತ ಅಜ್ಜಿ ಹೇಳುತ್ತಿದ್ದಳು. ಅಮೀರ್‌ಬಾಯಿ ಹಾಡಿದ ‘ಕಿಸ್ಮತ್’ ಸಿನಿಮಾ ಬಂದದ್ದು 1943ರಲ್ಲಿ. ಜರ್ಮನಿಯ ಕಾರ್ಲ್ ನೆಸ್ಲರ್ ಅದಕ್ಕೂ ಎಷ್ಟೋ ಮೊದಲೇ ಬಿಸಿ ಸಲಾಕೆಗಳಿಂದ ಕೂದಲು ಸುರುಳಿ ಮಾಡಿದ್ದ. ಬನಹಟ್ಟಿಯ ನೇಕಾರರ ಮನೆಗೆ ಅಷ್ಟೆಲ್ಲ ಯಾಕೆ? ಮಗ್ಗದ ನೂಲು ಸುತ್ತುವ ಖಾಲಿ ಕಂಡಿಕೆ ಇದ್ದವಲ್ಲ. ಒದ್ದೆ ಕೂದಲನ್ನು ಪಾಲು ಮಾಡಿ, ತುದಿಯಿಂದ ಬುಡಕ್ಕೆ ಸುತ್ತಿ, ಚಿಂದಿ ಕಟ್ಟಿ ಮಲಗುವುದು. ನೆಟ್ಟಗೆ ಸಾಲು ಹಿಡಿದರೆ ಬೆಳಗ್ಗೆ ನೆತ್ತಿಯ ಮೇಲೆ ಗೆರೆ ಬಿದ್ದಿರುತ್ತಿತ್ತು. ಇಟ್ಟಿಗೆ ಗೋಡೆಯಂತೆ ಸಂದು ತಪ್ಪಿಸಿ ಸುತ್ತುವ ಚಿಕ್ಕಮ್ಮನ ಪದ್ಧತಿಯೇ ಚಂದ. ದಪ್ಪ ಉರುಳೆಗೆ ಸಡಿಲ ಅಲೆ, ಸಣ್ಣ ಕಂಡಿಕೆಗೆ ಬಿಗಿ ಗುಂಗುರು. ಮುಧೋಳದ ಮದುವೆಗೆ ಹೊರಟರೆ ಹಿಂದಿನ ದಿನ ಯಾರೂ ಎಣ್ಣೆ ಮುಟ್ಟುವಂತಿಲ್ಲ, ಅಜ್ಜಿಯದೇ ಕಟ್ಟಪ್ಪಣೆ.