ಬಾದಾಮಿ ಸೀಮೆಯ ನಾಟ್ಯ ಮತ್ತು ವಿಶ್ವವಿದ್ಯಾಲಯದ ಪದವಿ

ನೃತ್ಯವನ್ನು ವಿಶ್ವವಿದ್ಯಾಲಯದ ವಿಷಯವನ್ನಾಗಿ ಓದುವ ಕ್ರಮಕ್ಕೆ ಕರ್ನಾಟಕದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಈ ಅವಧಿಯಲ್ಲಿ ನಾಟ್ಯಶಿಲ್ಪವನ್ನು ಕುರಿತು ಬರೆದವರಲ್ಲಿ ಹಲವರು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಆಧಾರವಾಗಿ ಹಿಡಿದಿದ್ದಾರೆ. ಹೀಗಿದ್ದೂ ನೃತ್ಯದ ವಿಭಾಗಗಳು ಬೆಂಗಳೂರು, ಮೈಸೂರುಗಳಲ್ಲಿ ಬೇರೂರಿದುವೇ ಹೊರತು ಈ ಸೀಮೆಗೆ ಬರಲಿಲ್ಲ. ಆಕರ ಒಂದೆಡೆ, ಅಧ್ಯಯನ ಇನ್ನೊಂದೆಡೆ ಉಳಿದದ್ದಕ್ಕೆ ಇಲ್ಲಿನ ಆಡಳಿತದ ಚರಿತ್ರೆಯಲ್ಲಿಯೇ ಕಾರಣಗಳಿವೆ.

ಬಾದಾಮಿಯ ಒಂದನೆಯ ಗುಹೆಯ ಮುಂಭಾಗದ ಬಂಡೆಯಲ್ಲಿ ಕೊರೆದ ಹದಿನೆಂಟು ಕೈಗಳ ನಟರಾಜನು 6ನೆಯ ಶತಮಾನದ ಕೃತಿ. ಬಲಕ್ಕೆ ಒಂಬತ್ತು, ಎಡಕ್ಕೆ ಒಂಬತ್ತು ಕೈಗಳಿರುವುದರಿಂದ ಅವುಗಳ ಜೋಡಣೆಯಲ್ಲಿ 81 ಭಂಗಿಗಳು ಮೂಡುತ್ತವೆಂದು ಅಲ್ಲಿನ ಗೈಡುಗಳು ವಿವರಿಸುತ್ತಾರೆ. ಲೆಕ್ಕವೇನೋ ಸರಿಯಾಗಿದೆ, ಆದರೆ ನಾಟ್ಯಶಾಸ್ತ್ರವು ಎಣಿಸುವುದು ಭಂಗಿಗಳನ್ನಲ್ಲ, ಕರಣಗಳನ್ನು. ಕೈಕಾಲುಗಳು ಒಟ್ಟಾಗಿ ಚಲಿಸುವ ಒಂದು ಘಟಕಕ್ಕೆ ಕರಣವೆಂದು ಹೆಸರು, ಅಂಥವು 108. ಹುನಗುಂದ ತಾಲ್ಲೂಕಿನ ಐಹೊಳೆಯ ರಾವಣಫಡಿ ಗುಹೆಯಲ್ಲಿರುವ ದೃಶ್ಯ ಇನ್ನೂ ಅಪರೂಪದ್ದು: ಅಲ್ಲಿ ಹತ್ತು ಕೈಗಳ ಶಿವನೊಬ್ಬನೇ ಕುಣಿಯುತ್ತಿಲ್ಲ, ಎತ್ತರದ ಕಿರೀಟವನ್ನೂ ನೆರಿಗೆಗಳು ಎದ್ದು ಕಾಣುವ ಸೀರೆಯನ್ನೂ ಧರಿಸಿದ ಸಪ್ತಮಾತೃಕೆಯರೂ ಅವನ ಸುತ್ತ ಹೆಜ್ಜೆಯಿಡುತ್ತಿದ್ದಾರೆ. ಸಾಮಾನ್ಯವಾಗಿ ಸಾಲಾಗಿ ಕುಳಿತಂತೆ ಕಡೆಯಲಾಗುವ ಈ ದೇವಿಯರನ್ನು ಎಬ್ಬಿಸಿ ಕುಣಿಸಿದ ಶಿಲ್ಪಿಗೆ ಮೇಳದ ಕುಣಿತದ ಪರಿಚಯ ಇದ್ದಿರಲೇಬೇಕು.

ಶಿಲ್ಪ ಹೇಳದೆ ಬಿಟ್ಟದ್ದನ್ನು ಶಾಸನಗಳು ಸ್ವಲ್ಪಮಟ್ಟಿಗೆ ಹೇಳುತ್ತವೆ. ಪಟ್ಟದಕಲ್ಲಿನ 8ನೆಯ ಶತಮಾನದ ಒಂದು ಶಾಸನವು ಅಚಲನೆಂಬ ನಟನನ್ನು ಹೊಗಳುತ್ತ, ಭರತನ ಮತವನ್ನು ಬಲ್ಲ ಇವನ ಮಾತಿನ ಸಿಡಿಲಿಗೆ ಮದವೇರಿದ ಇತರ ನಟರೆಂಬ ಬೆಟ್ಟಗಳು ಒಡೆದು ತಲೆಬಾಗಿದವೆನ್ನುತ್ತದೆ. ನಟನೊಬ್ಬನ ಹಿರಿಮೆಯನ್ನು ಶಾಸ್ತ್ರಜ್ಞಾನದಿಂದಲೂ ವಾದದ ಗೆಲುವಿನಿಂದಲೂ ಅಳೆದಿರುವುದು ಇಲ್ಲಿ ಗಮನಾರ್ಹ. ಚಾಲುಕ್ಯ ದೊರೆ ವಿಜಯಾದಿತ್ಯನು ಗಾಂಧರ್ವರಿಗೆ, ಅಂದರೆ ಹಾಡುಗಾರರಿಗೆ, ಕೊಟ್ಟಿದ್ದ ಸವಲತ್ತುಗಳನ್ನು ಅವನ ಸೊಸೆ ರಾಣಿ ಲೋಕಮಹಾದೇವಿಯು ಮುಂದುವರಿಸಿದ್ದೂ ಪಟ್ಟದಕಲ್ಲಿನ ಶಾಸನದಿಂದಲೇ ತಿಳಿಯುತ್ತದೆ. ಅದೇ ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ, ಶಾಸನವು ಸೂಳೆಯೆಂದು ಯಾವ ಹಿಂಜರಿಕೆಯೂ ಇಲ್ಲದೆ ಕರೆಯುವ ವಿನಾಪೋಟಿಯು ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳು. ಆಕೆ ಕುಣಿದಳೆಂದು ಶಾಸನ ಹೇಳುವುದಿಲ್ಲ. ಆದರೆ ದೇವಾಲಯದ ಆವರಣದಲ್ಲಿ ಇಂಥ ಹೆಂಗಸರಿಗೆ ಆಸ್ತಿಯೂ ಮರ್ಯಾದೆಯೂ ಇದ್ದುವೆಂಬುದಕ್ಕೆ ಅದು ಸಾಕ್ಷಿ.

ಆಧುನಿಕ ಕಾಲದಲ್ಲಿ ಈ ಸೀಮೆ ಮುಂಬಯಿ ಆಧಿಪತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಮೈಸೂರಿನಲ್ಲಿ ಅರಮನೆಯು ನೃತ್ಯಗಾತಿಯರನ್ನು ಪೋಷಿಸಿತು. ಇಲ್ಲಿ ಅಷ್ಟು ದೊಡ್ಡ ಆಸರೆಯಿರಲಿಲ್ಲ. 1934ರಲ್ಲಿ ಮುಂಬಯಿ ಸರ್ಕಾರವು ದೇವದಾಸಿಯರ ರಕ್ಷಣೆಯ ಕಾಯ್ದೆಯನ್ನು ತಂದಿತು. ಸುಧಾರಣೆಯ ದೃಷ್ಟಿಯಿಂದ ಅದು ಅಗತ್ಯವೇ ಆಗಿದ್ದರೂ ಕಲಾವಿದೆಯರಿಗೆ ಬದಲಿ ನೆಲೆಯನ್ನು ಒದಗಿಸುವ ಗೋಜಿಗೆ ಹೋಗಲಿಲ್ಲ. ಪ್ರತಿಭೆ ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತು: ಬೀಳಗಿಯ ಸೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ರಂಗಭೂಮಿಗೂ ಸಿನಿಮಾಕ್ಕೂ ಹೋದರು, ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು. ಊರುಗಳಲ್ಲಿ ದೊಡ್ಡಾಟವೂ, ಭಾಮೆ, ರುಕ್ಮಿಣಿ, ದೂತಿಯರ ಮಾತಿನ ಚಕಮಕಿಯಿರುವ ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟವೂ ಉಳಿದುವು. ಹುನಗುಂದ ತಾಲ್ಲೂಕಿನ ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ವೃತ್ತಿ ಕಂಪನಿಗಳು ಬನಶಂಕರಿ ಜಾತ್ರೆಯ ಕ್ಯಾಂಪನ್ನು ವರ್ಷದ ಗಳಿಕೆಯ ಕಾಲವೆಂದೇ ನಂಬಿಕೊಂಡವು.

ವಿಶ್ವವಿದ್ಯಾಲಯಗಳು ಬಂದಾಗ ಈ ಹಿನ್ನೆಲೆಯೇ ಅವುಗಳ ಆಯ್ಕೆಯನ್ನು ನಿರ್ಧರಿಸಿತು. ಮೈಸೂರು ವಿಶ್ವವಿದ್ಯಾಲಯವು 1965ರಲ್ಲಿ ನೃತ್ಯ ವಿಭಾಗವನ್ನು ತೆರೆದಾಗ ನೃತ್ಯ ಕಲಿಸಲು ಬಂದವರು ಮೈಸೂರು ಆಸ್ಥಾನದ ಕಲಾವಿದೆ ಕೆ. ವೆಂಕಟಲಕ್ಷಮ್ಮ, ಅರಮನೆಯ ಅಭಿನಯ ಪದ್ಧತಿ ಹೀಗೆ ನೇರವಾಗಿ ತರಗತಿಗೆ ಇಳಿಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಆ ಕಾಲದಲ್ಲಿ ದೊರೆತವರು ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಮೊದಲಾದ ಗಾಯಕರು. ಹಾಗಾಗಿ ಉತ್ತರದಲ್ಲಿ ಗಾಯನ ಬೆಳೆಯಿತು, ನೃತ್ಯ ಹಿಂದೆ ಬಿದ್ದಿತು. ಮುಂದೆ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದಕ್ಕೆ ಗಂಗೂಬಾಯಿಯವರ ಹೆಸರಿಟ್ಟರು, ನೆಲೆಯನ್ನು ಮಾತ್ರ ಮೈಸೂರಿನಲ್ಲಿ ಕೊಟ್ಟರು. ಬಾದಾಮಿಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತೆರೆದದ್ದು ಶಿಲ್ಪ ಮತ್ತು ವರ್ಣಚಿತ್ರಗಳ ಕೇಂದ್ರವನ್ನು. ಕಲ್ಲಿನ ಊರಿನಲ್ಲಿ ಅದು ಸಹಜವೇ.

ಪದವಿಯ ನೃತ್ಯವೆಂದರೆ ಬಹುಮಟ್ಟಿಗೆ ಭರತನಾಟ್ಯವೆಂದಾದ ಮೇಲೆ ಈ ಸೀಮೆಯ ಈಗಿನ ಜಿಲ್ಲೆಯಾದ ಬಾಗಲಕೋಟೆಯ ಆಟಗಳು ಜಾನಪದದ ಪಾಲಿಗೆ ಬಂದುವು. ಈ ವಿಂಗಡಣೆ ಆಡಳಿತಕ್ಕೆ ಅನುಕೂಲವಾದದ್ದೇ ಹೊರತು ಕಲೆಗಲ್ಲ. ಏಕೆಂದರೆ ದೊಡ್ಡಾಟ, ಸಣ್ಣಾಟಗಳಂಥ ಬಯಲಾಟದವರು ಹಾಡು, ಹೆಜ್ಜೆ, ಮಾತುಗಳನ್ನು ಒಟ್ಟಿಗೇ ಕಲಿಯುತ್ತಾರೆ, ಅವು ಬೇರೆ ಬೇರೆ ವಿಷಯಗಳೆಂದು ಅವರು ಬಗೆಯುವುದಿಲ್ಲ. ಕರಾವಳಿಯ ಯಕ್ಷಗಾನದಿಂದ ಬೇರ್ಪಡಿಸಿ ಸರ್ಕಾರವು ರೂಪಿಸಿದ ಕರ್ನಾಟಕ ಬಯಲಾಟ ಅಕಾಡೆಮಿಯು ಈಗ ಬಾಗಲಕೋಟೆಯಲ್ಲಿಯೇ ಇದ್ದು, ಹಿರಿಯ ಕಲಾವಿದರಿಗೆ ಪ್ರಶಸ್ತಿ ಕೊಡುತ್ತದೆ, ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಪದವಿ ಕೊಡುವುದು ಅಕಾಡೆಮಿಯ ಕೆಲಸವಲ್ಲವಾದ್ದರಿಂದ ನೃತ್ಯದಲ್ಲಿ ಎಂ.ಎ. ಮಾಡಬಯಸುವ ಇಳಕಲ್ಲಿನ ವಿದ್ಯಾರ್ಥಿನಿ ಇಂದಿಗೂ ದಕ್ಷಿಣದ ಬಸ್ಸನ್ನೇ ಹಿಡಿಯಬೇಕು.