ದೂರದ ಸೆಳೆತದ ಲೆಕ್ಕ

ನೀರಿನ ಒಂದು ಹನಿಯಲ್ಲಿರುವ ಅಣುಗಳೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಂದಿನ ಯಾವ ಗಣಕಯಂತ್ರಕ್ಕೂ ಸಾಧ್ಯವಿಲ್ಲ. ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ದುಡಿದ ಅನೀಸುರ್ ರಹಮಾನರು, ಫ್ರಾಂಕ್ ಸ್ಟಿಲಿಂಜರ್ ಅವರೊಡನೆ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದುದು ಕೇವಲ 216 ಅಣುಗಳು. ಅವನ್ನು ಹಿಡಿದಿಟ್ಟ ಕಾಲ್ಪನಿಕ ಪೆಟ್ಟಿಗೆಯ ಬದಿ ಸುಮಾರು 18.6 ಆಂಗ್‌ಸ್ಟ್ರಾಮ್. ಅದಕ್ಕೆ ಗೋಡೆಗಳಿರಲಿಲ್ಲ, ಎಲ್ಲ ದಿಕ್ಕುಗಳಲ್ಲಿಯೂ ಅದರದೇ ಪ್ರತಿರೂಪಗಳಿದ್ದವು.

ತೊಡಕು ಹುಟ್ಟುವುದು ಇಲ್ಲಿಯೇ. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ಋಣ, ಜಲಜನಕಗಳ ಕಡೆ ಧನ ವಿದ್ಯುದಾವೇಶವಿದೆ. ದೂರ ಇಮ್ಮಡಿಯಾದರೆ ಎರಡು ಆವೇಶಗಳ ನಡುವಣ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಆ ದೂರದ ಸುತ್ತಿನಲ್ಲಿರುವ ಆವೇಶಗಳ ಸಂಖ್ಯೆ ನಾಲ್ಮಡಿಯಾಗುತ್ತದೆ. ಎಲ್ಲಿ ನಿಲ್ಲಿಸಬೇಕು? ಮೊದಲಿಗರು ಒಂದು ಮಿತಿಯನ್ನು ಗೊತ್ತುಮಾಡಿ, ಅದರಾಚೆಯ ಸೆಳೆತವನ್ನು ಕೈಬಿಟ್ಟರು.

ಪರಿಹಾರವಾದರೋ ಅರ್ಧ ಶತಮಾನದ ಹಿಂದೆಯೇ ಸಿದ್ಧವಾಗಿತ್ತು. ಹರಳುಗಳ ಶಕ್ತಿಯನ್ನು ಎಣಿಸಲು ಜರ್ಮನಿಯ ಪಾಲ್ ಪೀಟರ್ ಎವಾಲ್ಡ್ 1921ರಲ್ಲಿ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಪ್ರತಿಯೊಂದು ಬಿಂದು ಆವೇಶದ ಸುತ್ತ ವಿರುದ್ಧ ಆವೇಶದ ತೆಳು ಮೋಡವೊಂದನ್ನು ಹೊದಿಸಿದರೆ ಅದರ ಪ್ರಭಾವ ಸಮೀಪದಲ್ಲಿಯೇ ಮುಗಿಯುತ್ತದೆ. ಹೊದಿಸಿದ ಮೋಡದ ಲೆಕ್ಕವನ್ನು ಹಿಂದಿರುಗಿಸಬೇಕಲ್ಲ? ಆ ಮೋಡಗಳು ನುಣುಪಾದವು, ಪೆಟ್ಟಿಗೆಯೊಡನೆ ಮರುಕಳಿಸುವವು. ಆದ್ದರಿಂದ ಕೆಲವೇ ಫೂರಿಯೆ ಅಲೆಗಳ ಮೊತ್ತದಿಂದ ಅವನ್ನು ಎಣಿಸಬಹುದು. ಮುಗಿಯದ ಒಂದು ಮೊತ್ತ, ಬೇಗ ಮುಗಿಯುವ ಎರಡಾಗಿ ಒಡೆಯಿತು.

ಬೆಲೆ ಮಾತ್ರ ದುಬಾರಿ. ಅಣುಗಳು ಹತ್ತು ಪಟ್ಟಾದರೆ ದುಡಿಮೆ ಮೂವತ್ತು ಪಟ್ಟಿಗೂ ಮಿಕ್ಕುತ್ತಿತ್ತು. 1993ರಲ್ಲಿ ಡಾರ್ಡನ್, ಯಾರ್ಕ್ ಮತ್ತು ಪೆಡರ್ಸನ್ ಆವೇಶಗಳನ್ನು ಒಂದು ಜಾಲರಿಯ ಮೇಲೆ ಹಂಚಿ, ಶೀಘ್ರ ಫೂರಿಯೆ ಪರಿವರ್ತನೆಯನ್ನು ಬಳಸಿದರು. ದುಡಿಮೆಯ ಏರಿಕೆ ಹತ್ತು ಪಟ್ಟಿಗಿಂತ ತುಸುವೇ ಹೆಚ್ಚೆಂಬಷ್ಟಕ್ಕೆ ಇಳಿಯಿತು.

ಮಿತಿಯನ್ನು ಹಿಗ್ಗಿಸಿದರೆ ಸಾಲದೇ ಎಂದು ನಾವು ಕೇಳಬಹುದು. 2005ರಲ್ಲಿ ಯೊನೆತಾನಿಯವರು ತೋರಿಸಿದ್ದು ಇದಕ್ಕೆ ಉತ್ತರ: ಮಿತಿಯನ್ನು 18 ಆಂಗ್‌ಸ್ಟ್ರಾಮಿಗೆ ಒಯ್ದಾಗ ನೀರು ಸುಧಾರಿಸಲಿಲ್ಲ, ನಿಜವಾದ ನೀರಿನಲ್ಲಿಲ್ಲದ ಪದರಗಳಾಗಿ ಜೋಡಿಸಿಕೊಂಡಿತು. ಹೆಚ್ಚು ದುಡಿದು ಹೆಚ್ಚು ತಪ್ಪನ್ನು ಪಡೆದಂತಾಯಿತು.

ಇನ್ನೊಂದು ಮಾತನ್ನು ನಾವು ಮರೆಯಲಾಗದು. ಮಿತಿ ಹಾಕುತ್ತಿದ್ದ ಕಾಲದಲ್ಲಿ ರೂಪುಗೊಂಡ ನೀರಿನ ಮಾದರಿಗಳು ಆ ಲೋಪವನ್ನು ತಮ್ಮ ಅಂಕಿಗಳೊಳಗೇ ಅಡಗಿಸಿಕೊಂಡಿದ್ದವು. ಲೆಕ್ಕ ಸರಿಹೋದೊಡನೆ ಮಾದರಿ ಹದತಪ್ಪಿತು. ಎವಾಲ್ಡ್ ವಿಧಾನಕ್ಕೆಂದೇ ಅಂಕಿಗಳನ್ನು ತಿದ್ದಿದ ಟಿಪ್4ಪಿ-ಇಡಬ್ಲ್ಯು ಎಂಬ ಮಾದರಿ ಹೊರಬಂದದ್ದು 2004ರಲ್ಲಿ, ಎವಾಲ್ಡರ ಲೇಖನ ಅಚ್ಚಾದ 83 ವರ್ಷಗಳ ನಂತರ.